ಗೊತ್ತಾಗದೇ ಹೋದರೆ ಅಂತ ಬರೆದಿದ್ದೀಯಲ್ಲ

ಚಿರಂಜೀವಿ ಪುಟ್ಟನಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಮನೆಯ ಸುದ್ದಿ, ಕೆಲಸದ ಸುದ್ದಿ, ಮೂರನೆಯ ಕುದುರೆ ಹೇಗೆ ಬಂತು ಅನ್ನುವುದು, ಎಲ್ಲವನ್ನೂ ನಿಮ್ಮಪ್ಪ ಫೋನಿನಲ್ಲಿ ಮೊದಲೇ ಹೇಳಿದ್ದ. ಅದನ್ನು ಮತ್ತೆ ಎತ್ತುವುದಿಲ್ಲ. ಆದರೆ ಕೊನೆಯ ಪುಟದಲ್ಲಿ, ಸಹಿಗಿಂತ ಸ್ವಲ್ಪ ಮೇಲೆ, ಸಣ್ಣ ಅಕ್ಷರದಲ್ಲಿ ಒಂದು ಮಾತು ಸೇರಿಸಿದ್ದೀಯಲ್ಲ, ಅದು ನನ್ನನ್ನು ಮಲಗಗೊಡಲಿಲ್ಲ. "ಅತ್ತೆ, ಈಗೀಗ ನಾನು ಅವುಗಳನ್ನು ನೋಡುವುದೇ ಇಲ್ಲ, ಬರೀ ಮೇವು ಹಾಕಿ ಬರುತ್ತೇನೆ. ಯಾವುದಕ್ಕಾದರೂ ಹುಷಾರು ತಪ್ಪಿದರೆ ನನಗೆ ಗೊತ್ತಾಗದೇ ಹೋದರೆ?"

ಖರ್ಚಿನ ಲೆಕ್ಕ ಎರಡು ಹಾಳೆ ತುಂಬ ಬರೆದಿದ್ದೀಯ. ಅದನ್ನೂ ಓದಿದೆ. ಆದರೆ ಅದು ಹೇಗೋ ಕೂಡಿಸಿ ಕಳೆದು ಸರಿಮಾಡಿಕೊಳ್ಳುವಂಥದ್ದು. ಈ ಮಾತು ಹಾಗಲ್ಲ. ಅದಕ್ಕೇ ಅದನ್ನು ಮೂಲೆಯಲ್ಲಿ ಬರೆದೆ ಅಂತ ಕಾಣುತ್ತದೆ.

ಹೆದರಬೇಡ ಅಂತ ನಾನು ಹೇಳುವುದಿಲ್ಲ ಕಣೋ. ನಿನ್ನ ಭಯ ಸರಿಯಾದದ್ದೇ. ಕುದುರೆ ತನ್ನ ನೋವನ್ನು ಹೇಳಿಕೊಳ್ಳುವ ಪ್ರಾಣಿಯಲ್ಲ. ಓಡಿ ಓಡಿ ಜೀವ ಉಳಿಸಿಕೊಂಡ ಜಾತಿ ಅದು. ಗುಂಪಿನಲ್ಲಿ ಯಾವುದು ಕುಂಟುತ್ತದೋ ಅದರ ಮೇಲೇ ಹುಲಿ, ತೋಳದ ಕಣ್ಣು ಬೀಳುತ್ತಿತ್ತು. ಹಾಗಾಗಿ ನೋವಿದ್ದರೂ ಇಲ್ಲದ ಹಾಗೆ ನಿಲ್ಲುವುದು ಅದರ ರಕ್ತದಲ್ಲೇ ಇದೆ. ನಮ್ಮ ಲಾಯದಲ್ಲಿ ಬೆಚ್ಚಗೆ ನಿಂತಿದ್ದರೂ ಆ ಅಭ್ಯಾಸ ಹೋಗಿಲ್ಲ. ಒಂದೇ ಕುದುರೆ ಇದ್ದಾಗ ಅದರ ಮುಖ ನಮಗೆ ಬಾಯಿಪಾಠವಾಗಿರುತ್ತದೆ, ಕಿವಿ ಒಂದಿಷ್ಟು ಆಚೀಚೆ ತಿರುಗಿದ್ದರೂ ಗೊತ್ತಾಗುತ್ತದೆ. ಎರಡಾದಾಗ ಒಂದನ್ನು ಇನ್ನೊಂದರ ಜೊತೆ ಹೋಲಿಸಿ ನೋಡಲು ಶುರುಮಾಡುತ್ತೇವೆ. ಮೂರಾದಾಗ "ಕುದುರೆಗಳು ಚೆನ್ನಾಗಿವೆ" ಅನ್ನುವ ಮಾತು ಬಾಯಿಗೆ ಬರುತ್ತದೆ. ಆ ಬಹುವಚನ ಬಂತು ಅಂದರೆ ಎಚ್ಚರವಾಗಬೇಕು.

ನಮ್ಮಲ್ಲಿ ನಾಲ್ಕು ಇದ್ದವು. ಹೇಗೆ ನಾಲ್ಕಾದವು, ನಿಮ್ಮ ಮಾವನ ಹುಚ್ಚು ಎಷ್ಟಿತ್ತು ಅನ್ನುವುದೆಲ್ಲ ನೀನು ಕೇಳಿ ಬೆಳೆದವನು. ಭೈರನ ಗೊರಸಿನ ಕತೆ, ಚಂದ್ರಿಯ ಹೊಟ್ಟೆಶೂಲೆಯ ಕತೆ, ಕಾಳ ಬಾಗಿಲ ಚಿಲಕ ತೆಗೆಯುತ್ತಿದ್ದ ಕತೆ, ಇವು ನಿನಗೆ ನನಗಿಂತ ಚೆನ್ನಾಗಿ ಬರುತ್ತವೆ. ಕೆಂಚಿಯ ಕತೆ ಯಾವುದಾದರೂ ಕೇಳಿದ್ದೀಯಾ? ಕೇಳಿರಲಾರೆ. ಅವಳಿಗೆ ಕತೆಯೇ ಇಲ್ಲ. ಕಚ್ಚಲಿಲ್ಲ, ಒದೆಯಲಿಲ್ಲ, ಬೇಲಿ ಹಾರಲಿಲ್ಲ, ಔಷಧ ಬೇಡಲಿಲ್ಲ. ಭೈರನಿಗೆ ಗೊರಸಿನಲ್ಲಿ ಕೀವು ತುಂಬಿ ಅವನು ಮೂರು ಕಾಲಿನ ಮೇಲೆ ನಿಂತಾಗ ನಾವಿಬ್ಬರೂ ಅವನ ಹತ್ತಿರ ಕೂತಿರುತ್ತಿದ್ದೆವು. ಬಿಸಿನೀರಿನಲ್ಲಿ ಉಪ್ಪು ಕರಗಿಸಿ ಕಾಲು ಅದ್ದಿಸುವುದು, ಕಟ್ಟು ಕಟ್ಟುವುದು, ಅದೇ ಆಗುತ್ತಿತ್ತು. ಕೆಂಚಿ ಪಕ್ಕದಲ್ಲಿ ಹುಲ್ಲು ತಿನ್ನುತ್ತಿದ್ದಳು. ಇವತ್ತು ಕಣ್ಣು ಮುಚ್ಚಿದರೆ ಭೈರನ ನಾಲ್ಕೂ ಗೊರಸು ಬೇರೆ ಬೇರೆಯಾಗಿ ಕಾಣಿಸುತ್ತವೆ. ಕೆಂಚಿ ಯಾವ ಮಗ್ಗುಲಿಗೆ ಮಲಗುತ್ತಿದ್ದಳು ಅಂತ ನೆನಪಿಗೆ ಬರುವುದಿಲ್ಲ. ಮೇವು ಸಿಗದ ಆ ವರ್ಷ ಅವಳನ್ನು ಕೊಟ್ಟೆವು. ಒಳ್ಳೆಯ ಮನೆಗೇ ಕೊಟ್ಟದ್ದು, ಬೇರೆ ದಾರಿಯೂ ಇರಲಿಲ್ಲ. ಅಲ್ಲಿಂದ ಅವಳು ಮತ್ತೊಂದು ಕಡೆ ಹೋದಳು ಅಂತ ಗೊತ್ತಾಯಿತು, ಆಮೇಲೆ ಸುದ್ದಿ ತಪ್ಪಿಹೋಯಿತು. ಕೊಟ್ಟದ್ದಕ್ಕಿಂತ ಹೆಚ್ಚಾಗಿ ಅವಳನ್ನು ಕಣ್ತುಂಬ ನೋಡಿಕೊಳ್ಳಲಿಲ್ಲವಲ್ಲ ಅನ್ನುವುದು ಇನ್ನೂ ಕಾಡುತ್ತದೆ.

ನಿನ್ನ ಸಾಲು ಓದಿದಾಗ ಮೊದಲು ನೆನಪಾದದ್ದು ಅವಳೇ. ನಿನ್ನ ಮೂರರಲ್ಲಿ ಕತೆಯಿಲ್ಲದ್ದು ಯಾವುದು? ಬೂದನಿಗೆ ವಯಸ್ಸಾಗಿದೆ, ಅವನ ಬಗ್ಗೆ ಬರೆದಿದ್ದೀಯ. ಹೊಸಬ ತುಂಟ, ಅವನ ಬಗ್ಗೆಯೂ ಬರೆದಿದ್ದೀಯ. ಕೆಂಪಿಯ ಬಗ್ಗೆ "ಕೆಂಪಿ ಆರಾಮ" ಅಂತ ಎರಡೇ ಪದ ಇದೆ. ಅವಳು ನಿಜವಾಗಿಯೂ ಆರಾಮವಾಗಿಯೇ ಇರಬಹುದು. ಆದರೂ ನಾಳೆ ಹೋದಾಗ ಮೊದಲು ಅವಳ ಹತ್ತಿರ ಹೋಗು.

ಸಮಯವೇ ಇಲ್ಲ ಅಂತೀಯ. ಎಲ್ಲಿ ಹೋಗುತ್ತದೆ ಅಂತ ನನಗೆ ಗೊತ್ತು. ಅರ್ಧ ಸಮಯ ಲದ್ದಿಯಲ್ಲಿ ಹೋಗುತ್ತದೆ. ದೊಡ್ಡ ಕುದುರೆ ಒಂದು ದಿನಕ್ಕೆ ಇಪ್ಪತ್ತು ಕಿಲೋಗಿಂತ ಹೆಚ್ಚೇ ಹಾಕುತ್ತದೆ, ಅದಕ್ಕೆ ಒದ್ದೆಯಾದ ಹಾಸು ಬೇರೆ. ಮೂರಕ್ಕೆ ಅರವತ್ತು ಕಿಲೋ ದಾಟಿತು, ದಿನಾ, ಭಾನುವಾರವೂ ಸೇರಿ. ನೀರೂ ಹಾಗೆಯೇ. ಒಂದಕ್ಕೆ ದಿನಕ್ಕೆ ಇಪ್ಪತ್ತೈದರಿಂದ ನಲವತ್ತೈದು ಲೀಟರ್ ಬೇಕು, ಸೆಕೆ ಇದ್ದರೆ, ಕೆಲಸ ಮಾಡಿಸಿದರೆ ಇನ್ನೂ ಹೆಚ್ಚು. ಬಕೆಟ್ಟಿನಲ್ಲಿ ಹೊರುತ್ತಿದ್ದರೆ ಬೆನ್ನೂ ಹೋಯಿತು, ಗಂಟೆಯೂ ಹೋಯಿತು. ಎಷ್ಟೇ ಕಷ್ಟವಾದರೂ ಒಂದು ಪೈಪು ಎಳೆಸು. ಜೀನು ಹೊಸದು ತೆಗೆದುಕೊಳ್ಳುವ ದುಡ್ಡನ್ನು ಪೈಪಿಗೆ ಹಾಕು. ಈ ಮಾತು ನಿಮ್ಮ ಮಾವನಿಗೂ ಹೇಳಿದ್ದೆ, ಅವರು ಜೀನನ್ನೇ ತಂದರು, ಇರಲಿ.

ನೋಡುವುದಕ್ಕೆ ಬೇರೆ ಸಮಯ ಬೇಕಿಲ್ಲ, ಇರುವ ಸಮಯದ ತುದಿಯಲ್ಲೇ ಸಿಗುತ್ತದೆ ಅಂತ ಅನ್ನಿಸುತ್ತದೆ ನನಗೆ. ಹೋದ ತಕ್ಷಣ ಮೇವಿನ ಬುಟ್ಟಿ ಹಿಡಿಯಬೇಡ. ಬೇಲಿಯ ಹತ್ತಿರ ಬರಿಗೈಯಲ್ಲಿ ಒಂದೈದು ನಿಮಿಷ ನಿಲ್ಲು. ನೀನು ಬಂದದ್ದು ಕಂಡು ಯಾವುದು ಮೊದಲು ಬರುತ್ತದೆ, ಯಾವುದು ಕೊನೆಗೆ? ಅವುಗಳಿಗೆ ಒಂದು ಸರದಿ ಇರುತ್ತದೆ, ಅದನ್ನು ಅವು ಸುಲಭಕ್ಕೆ ಮುರಿಯುವುದಿಲ್ಲ. ದಿನಾ ಮೊದಲು ಬರುವುದು ಒಂದು ದಿನ ಹಿಂದೆ ಉಳಿಯಿತು ಅಂದರೆ ಅದೇ ಮೊದಲ ಸುದ್ದಿ. ಮೇವು ಹಾಕಿಬಿಟ್ಟರೆ ಎಲ್ಲವೂ ತಲೆ ತಗ್ಗಿಸಿಬಿಡುತ್ತವೆ, ಆಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ. ಇದನ್ನು ಉಪದೇಶ ಅಂದುಕೊಳ್ಳಬೇಡ. ಮಳೆಯಲ್ಲಿ, ಕೆಲಸಕ್ಕೆ ತಡವಾದಾಗ, ಐದು ನಿಮಿಷ ಎಷ್ಟು ದುಬಾರಿ ಅಂತ ನನಗೂ ಗೊತ್ತು.

ಇನ್ನೊಂದು ವಿಷಯ. ಗೊತ್ತಾಗುವುದೇ ಇಲ್ಲ ಅಂತ ಬರೆದವನು ನೀನೇ, ಅದೇ ಕಾಗದದ ಎರಡನೆಯ ಪುಟದಲ್ಲಿ ಏನು ಬರೆದಿದ್ದೀಯ ನೋಡಿಕೋ. "ಹುಲ್ಲು ಈ ಸಲ ಒರಟು ಬಂದಿದೆ, ಬೂದ ಅರ್ಧ ಚೆಲ್ಲುತ್ತಾನೆ. ನೀರಿನ ತೊಟ್ಟಿಯ ಪಕ್ಕ ಹಸಿರು ಉಂಡೆ ಬಿದ್ದಿರುತ್ತವೆ." ಹುಲ್ಲಿನ ಖರ್ಚಿನ ಲೆಕ್ಕದಲ್ಲಿ, ನಷ್ಟ ಅಂತ ಬರೆದಿದ್ದೀಯ. ಪುಟ್ಟಾ, ಅದು ಹುಲ್ಲಿನ ದೋಷ ಅಂತ ನನಗೆ ಅನ್ನಿಸುವುದಿಲ್ಲ, ಹಲ್ಲಿನದು. ಒಂದು ಉಂಡೆ ಎತ್ತಿ ಕೈಯಲ್ಲಿ ಬಿಡಿಸಿ ನೋಡು. ಸುರುಳಿ ಸುತ್ತಿದ ಹಾಗೆ ಇರುತ್ತದೆ, ಉದ್ದುದ್ದ ಎಳೆ ಹಾಗೇ ಇರುತ್ತದೆ, ಜೊಲ್ಲು ಮೆತ್ತಿಕೊಂಡಿರುತ್ತದೆ. ಅಗಿದು ಅಗಿದು ನುಂಗಲಾಗದೆ ಉಗುಳಿದ್ದು ಅದು. ಕುದುರೆಯ ಹಲ್ಲು ಜೀವನಪೂರ್ತಿ ಒಸಡಿನಿಂದ ಮೇಲೆ ಬರುತ್ತಲೇ ಇರುತ್ತದೆ, ಹುಲ್ಲು ಅದನ್ನು ತೇಯುತ್ತಲೇ ಇರುತ್ತದೆ. ತೇಯುವಿಕೆ ಸಮನಾಗದಿದ್ದರೆ ಅಂಚು ಚೂಪಾಗಿ ಕೆನ್ನೆಯನ್ನು, ನಾಲಿಗೆಯನ್ನು ಕೊರೆಯುತ್ತದೆ. ಮುದಿ ವಯಸ್ಸಿನಲ್ಲಿ ಹಲ್ಲು ಸಡಿಲವಾಗುತ್ತದೆ, ಸವೆದೇಹೋಗುತ್ತದೆ. ವರ್ಷಕ್ಕೆ ಒಂದು ಸಲವಾದರೂ ಬಾಯಿ ತೆರೆಸಿ ನೋಡಿಸಿ, ಚೂಪಾದ ಅಂಚನ್ನು ಅರದಿಂದ ಉಜ್ಜಿಸಬೇಕು, ಬೂದನ ವಯಸ್ಸಿಗೆ ಎರಡು ಸಲ. ಅಗಿಯದೆ ನುಂಗಿದ ಒರಟು ಹುಲ್ಲು ಹೊಟ್ಟೆಯಲ್ಲಿ ಕಟ್ಟಿಕೊಂಡರೆ ಆಮೇಲಿನದು ದೊಡ್ಡ ಖರ್ಚು, ದೊಡ್ಡ ಸಂಕಟ.

ಹಾಗಾದರೆ ನೀನು ನೋಡಿದ್ದೀಯ. ಉಂಡೆ ನಿನ್ನ ಕಣ್ಣಿಗೆ ಬಿದ್ದಿದೆ. ಅದನ್ನು ಯಾವ ಲೆಕ್ಕದಲ್ಲಿ ಬರೆಯಬೇಕು ಅನ್ನುವಷ್ಟು ಬಿಡುವು ಸಿಕ್ಕಿಲ್ಲ ಅಷ್ಟೆ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಈ ವಾರವೇ ಹಲ್ಲು ನೋಡುವವರನ್ನು ಕರೆಸು. ಅಲ್ಲಿಯವರೆಗೆ ಅವನ ಮೇವನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಕೊಡು. ಬೇರೆ ಬಗೆಯ ಮೇವಿಗೆ ಬದಲಾಯಿಸುವಾಗ ಮಾತ್ರ ಒಂದೇ ದಿನ ಬದಲಾಯಿಸಬೇಡ, ವಾರ ಹತ್ತು ದಿನ ಹಿಡಿದು ಸ್ವಲ್ಪ ಸ್ವಲ್ಪವಾಗಿ. ನಿನಗೆ ಇದು ಗೊತ್ತಿರುತ್ತದೆ, ಆದರೂ ಬರೆದೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಎರಡು ಹಾಳೆ ಬರೆದವನಿಗೆ ಒಂದಿಷ್ಟಾದರೂ ಉತ್ತರ ಕೊಡಬೇಕಲ್ಲ. ನಿನ್ನ ಲೆಕ್ಕದಲ್ಲಿ ಒಂದು ಕುದುರೆಯ ಖರ್ಚನ್ನು ಮೂರರಿಂದ ಗುಣಿಸಿದ್ದೀಯ. ಅದು ಹಾಗೆ ಬರುವುದಿಲ್ಲ. ಲಾಯಕ್ಕೆ ಹೋಗಿ ಬರುವುದು, ಗಾಡಿ, ಸಲಿಕೆ, ಬ್ರಷ್ಷು, ಇವು ಒಂದಕ್ಕೂ ಅಷ್ಟೇ, ಮೂರಕ್ಕೂ ಅಷ್ಟೇ. ಮೇವು, ಗೊರಸು, ಹಲ್ಲು, ಲಸಿಕೆ ಗುಣಿಸಿದಷ್ಟೇ ಬರುತ್ತವೆ. ಇನ್ನು ಕೆಲವು ಗುಣಿಸಿದ್ದಕ್ಕಿಂತ ಜಾಸ್ತಿಯಾಗುತ್ತವೆ. ಮುದುಕನಿಗೆ ನೆನೆಸಿದ್ದು, ಕೆಂಪಿಗೆ ಕಡಿಮೆ, ಹೊಸಬನಿಗೆ ಬೇರೆ ಅಂದಾಗ ಮೂರನ್ನೂ ಬೇರೆ ಬೇರೆ ಕಟ್ಟಬೇಕು, ಮುಗಿಯುವವರೆಗೆ ಕಾಯಬೇಕು. ಜೋರಿನ ಕುದುರೆ ಇನ್ನೊಂದರ ಪಾಲನ್ನೂ ತಿಂದರೆ ಒಂದು ಸೊರಗುತ್ತದೆ, ಇನ್ನೊಂದಕ್ಕೆ ಕಾಳು ಹೆಚ್ಚಾಗಿ ಗೊರಸಿನೊಳಗೆ ಉರಿ ಹತ್ತುತ್ತದೆ. ಜೀನೂ ಅಷ್ಟೆ, ಒಂದರ ಬೆನ್ನಿಗೆ ಕೂತದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಒತ್ತಿದ ಕಡೆ ಹುಣ್ಣಾಗುತ್ತದೆ, ವಾಸಿಯಾದ ಮೇಲೂ ಅಲ್ಲಿ ರೋಮ ಬೆಳ್ಳಗೆ ಬರಬಹುದು.

ಹುಲ್ಲನ್ನು ತೋಳಳತೆಯಲ್ಲಿ ಹಾಕುತ್ತೀಯ ಅಂತ ಕಾಣುತ್ತದೆ. ತೂಗಿ ಹಾಕು. ಅದಕ್ಕೆ ಮೊದಲು ಕುದುರೆಯ ತೂಕ ತಿಳಿಯಬೇಕು. ತಕ್ಕಡಿ ಬೇಡ, ಅಳತೆ ಟೇಪು ಸಾಕು. ಮುಂಗಾಲಿನ ಹಿಂದೆ, ಜೀನಿನ ಪಟ್ಟಿ ಬೀಳುವ ಕಡೆ ಎದೆಯ ಸುತ್ತಳತೆ ತೆಗೆದುಕೊ. ಆಮೇಲೆ ಭುಜದ ಮುಂದಿನ ಮೂಳೆಯಿಂದ ಪೃಷ್ಠದ ತುದಿಯವರೆಗೆ ಉದ್ದ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸು. ಸುತ್ತಳತೆ 180, ಉದ್ದ 165 ಇದ್ದರೆ 450 ಕಿಲೋ ಬರುತ್ತದೆ. ಸುಮಾರಿನ ಲೆಕ್ಕವೇ, ಆದರೆ ತಿಂಗಳು ತಿಂಗಳೂ ಅದೇ ಟೇಪಿನಲ್ಲಿ ಅಳೆದರೆ ಇಳಿಯುತ್ತಿದೆಯೋ ಏರುತ್ತಿದೆಯೋ ಅನ್ನುವುದು ತಪ್ಪದೆ ಗೊತ್ತಾಗುತ್ತದೆ. ದೇಹದ ತೂಕದ ನೂರಕ್ಕೆ ಎರಡರಷ್ಟು ಒಣಮೇವು ಅಂದರೆ ಅಂಥ ಕುದುರೆಗೆ ದಿನಕ್ಕೆ 9 ಕಿಲೋ. ಮೂರಕ್ಕೆ 27, ವರ್ಷಕ್ಕೆ ಹತ್ತಿರ ಹತ್ತಿರ ಹತ್ತು ಟನ್. ಈ ಅಂಕಿ ಕಣ್ಣೆದುರು ಇದ್ದರೆ ಕೊಯ್ಲಿನ ಹೊತ್ತಿಗೆ, ದರ ಇಳಿದಿರುವಾಗ, ಎಷ್ಟು ಕೂಡಿಡಬೇಕು ಅಂತ ಧೈರ್ಯವಾಗಿ ಹೇಳಬಹುದು. ಕೂಡಿಟ್ಟದ್ದನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಒಟ್ಟು. ಬೂಸಲು ಹಿಡಿದ ಹುಲ್ಲನ್ನು ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡ, ಅದರ ಧೂಳು ಕುದುರೆಯ ಶ್ವಾಸವನ್ನೇ ಕೆಡಿಸುತ್ತದೆ. ಮೇವನ್ನು ಕಡಿಮೆ ಮಾಡಿ ಉಳಿಸುವ ಯೋಚನೆಯನ್ನಂತೂ ಮಾಡಲೇಬೇಡ. ಕುದುರೆಯ ಹೊಟ್ಟೆ ಸಣ್ಣದು, ತಿಂದರೂ ತಿನ್ನದಿದ್ದರೂ ಆಮ್ಲ ಊರುತ್ತಲೇ ಇರುತ್ತದೆ. ಗಂಟೆಗಟ್ಟಲೆ ಖಾಲಿ ಬಿಟ್ಟರೆ ಹೊಟ್ಟೆಯೊಳಗೆ ಹುಣ್ಣು. ಅದು ಕೂಡ ಹೊರಗೆ ಕಾಣುವಂಥದ್ದಲ್ಲ.

ನೋಡು, ಮತ್ತೆ ಅಲ್ಲಿಗೇ ಬಂದೆ. ಕಾಣುವಂಥದ್ದಲ್ಲ. ಯಾವ ಮಾತು ತೆಗೆದರೂ ನಿನ್ನ ಆ ಸಾಲಿಗೇ ಬಂದು ನಿಲ್ಲುತ್ತದೆ.

ಹಾಗಾಗಿ ಕಣ್ಣಿನ ಜೊತೆಗೆ ಕೈಯನ್ನೂ ಬಳಸು. ಚಳಿಗಾಲದಲ್ಲಿ ರೋಮ ಉದ್ದ ಬಂದಾಗ ಕುದುರೆ ದುಂಡಗೆ ಕಾಣುತ್ತದೆ, ಕೈಯಿಟ್ಟರೆ ಪಕ್ಕೆಲುಬು ಎಣಿಸಲು ಬರುತ್ತದೆ. ಕಣ್ಣು ಮೋಸಹೋಗುವ ಜಾಗ ಅದು. ಗೊರಸು ಕೆರೆಯುವಾಗ ಅಂಗೈಯನ್ನು ಗೊರಸಿನ ಗೋಡೆಯ ಮೇಲೆ ಒಂದು ಕ್ಷಣ ಇಡು. ನಾಲ್ಕರಲ್ಲಿ ಒಂದು ಮಾತ್ರ ಬಿಸಿಯಾಗಿದೆಯಾ? ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡು. ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಬರಬೇಕು. ನಾಡಿ ನೋಡುವುದನ್ನೂ ಕಲಿತುಕೋ. ದವಡೆಯ ಮೂಳೆಯ ಒಳಅಂಚಿನಲ್ಲಿ, ಹಗ್ಗದಂಥ ಒಂದು ರಕ್ತನಾಳ ಬೆರಳಿಗೆ ಸಿಗುತ್ತದೆ. ಹೆಬ್ಬೆರಳಿನಿಂದ ಹಿಡಿಯಬೇಡ, ನಿನ್ನದೇ ನಾಡಿ ಕೇಳಿಸುತ್ತದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸು. ಸುಮ್ಮನೆ ನಿಂತ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44. ಜ್ವರ ನೋಡಿದರೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಮೂರು ಕುದುರೆಗೂ ಆರೋಗ್ಯವಾಗಿದ್ದಾಗಲೇ ನೋಡಿ ಬರೆದಿಟ್ಟುಕೊ. ಹುಷಾರಿಲ್ಲದ ರಾತ್ರಿ ಮೊದಲ ಸಲ ಹುಡುಕಿದರೆ ನಾಡಿ ಸಿಗುವುದಿಲ್ಲ, ಬೆರಳು ನಡುಗುತ್ತದೆ.

ಚಂದ್ರಿಯ ರಾತ್ರಿ ನಿಮ್ಮ ಮಾವನಿಗೆ ಹಾಗೇ ಆಯಿತು. ಆ ಕತೆಯನ್ನು ಎಲ್ಲರೂ ಹೇಳುವುದು ಅವಳನ್ನು ಬೆಳಗಿನವರೆಗೆ ನಡೆಸಿದ್ದು, ಡಾಕ್ಟರು ಬಂದದ್ದು, ಅವಳು ಬದುಕಿದ್ದು. ನನ್ನ ನೆನಪಿನಲ್ಲಿ ಉಳಿದದ್ದು ಬೇರೆ. ಅವಳು ಮುಂಗಾಲಿನಿಂದ ನೆಲ ಕೆರೆದು ತನ್ನ ಹೊಟ್ಟೆಯ ಕಡೆ ತಿರುಗಿ ನೋಡುತ್ತಿದ್ದಳು, ಮತ್ತೆ ತಿರುಗಿ ನಮ್ಮನ್ನು ನೋಡುತ್ತಿದ್ದಳು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಹಿಂದಕ್ಕೆ ಬರುವ ದಾರಿಯೇ ಇಲ್ಲ. ಅದಕ್ಕೇ ಅವುಗಳ ಹೊಟ್ಟೆನೋವು ಅಂದರೆ ಅಷ್ಟು ಭಯ. ಮೇವು ಮುಟ್ಟದಿದ್ದರೆ, ಲದ್ದಿ ಹಾಕದಿದ್ದರೆ, ಮಲಗಿ ಎದ್ದು ಹೊರಳಾಡಿದರೆ ಡಾಕ್ಟರಿಗೆ ಫೋನು ಮಾಡಲು ನನ್ನ ಅನುಮತಿ ಕೇಳುವ ಹಾಗಿಲ್ಲ, ದುಡ್ಡಿನ ಲೆಕ್ಕ ನೋಡುವ ಹಾಗೂ ಇಲ್ಲ. ನಾಡಿ ಅರವತ್ತು ದಾಟಿದ್ದರೆ ಒಂದು ನಿಮಿಷವೂ ಕಾಯಬೇಡ.

ಇಲ್ಲೇ ಒಂದು ಕಠಿಣ ಮಾತನ್ನೂ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಹೊಟ್ಟೆಶೂಲೆಗೆ ಆಪರೇಷನ್ ಬೇಕು ಅಂತ ಡಾಕ್ಟರು ಹೇಳಿದರೆ ಯಾವ ಕುದುರೆಗೆ ಮಾಡಿಸುತ್ತೀಯ, ಯಾವುದಕ್ಕೆ ಮಾಡಿಸುವುದಿಲ್ಲ, ಎಷ್ಟರವರೆಗೆ ಖರ್ಚು ಮಾಡಬಲ್ಲೆ, ಈಗ ಕೂತು ಬರೆದಿಡು. ಬೂದನಿಗೆ ಒಂದು ಉತ್ತರ, ಹೊಸಬನಿಗೆ ಇನ್ನೊಂದು ಉತ್ತರ ಬಂದರೆ ನೀನು ಕೆಟ್ಟವನಲ್ಲ. ಮಧ್ಯರಾತ್ರಿ ಕುದುರೆ ಬೆವರುತ್ತ ನಿಂತಿರುವಾಗ ಅದನ್ನು ಯೋಚಿಸಲು ಯಾರಿಂದಲೂ ಆಗುವುದಿಲ್ಲ. ಆ ಹಣವನ್ನು ಬೇರೆ ಇಡು. ಕುದುರೆಯ ಹೆಸರಿನಲ್ಲೇ ಇಡು, ಮನೆಯ ಹಣಕ್ಕೆ ಸೇರಿಸಬೇಡ.

ಗೊರಸಿನ ದಿನವನ್ನು ಮುಂದೂಡುತ್ತಿದ್ದೇನೆ ಅಂತ ಬರೆದಿದ್ದೀಯ. ಮಾಡಬೇಡ. ಆರರಿಂದ ಎಂಟು ವಾರಕ್ಕೆ ಒಮ್ಮೆ ಕೆತ್ತಿಸಲೇಬೇಕು, ಲಾಳ ಇರಲಿ ಇಲ್ಲದಿರಲಿ. ಮೂರನ್ನೂ ಒಂದೇ ದಿನಕ್ಕೆ ಸೇರಿಸು, ಗೊರಸು ಕೆತ್ತುವವರಿಗೂ ಒಂದೇ ಓಡಾಟ. ಗಟ್ಟಿ ನೆಲದ ಕೆಲಸ ಇಲ್ಲದಿದ್ದರೆ, ಗೊರಸು ಗಟ್ಟಿಯಿದ್ದರೆ, ಲಾಳವಿಲ್ಲದೆ ನಡೆಯುತ್ತದಾ ಅಂತ ಅವರನ್ನೇ ಕೇಳು, ಆಗುತ್ತದೆ ಅಂದರೆ ದೊಡ್ಡ ಉಳಿತಾಯ. ಜಂತುಹುಳುವಿನ ಔಷಧವನ್ನೂ ಕಣ್ಣುಮುಚ್ಚಿ ಎಲ್ಲಕ್ಕೂ ಕುಡಿಸಬೇಡ, ಲದ್ದಿ ಪರೀಕ್ಷೆ ಮಾಡಿಸಿ ಹುಳುವಿನ ಮೊಟ್ಟೆ ಹೆಚ್ಚಿದ್ದವಕ್ಕೆ ಕೊಡು. ಒಂದು ಹಿಂಡಿನಲ್ಲಿ ಬಹುಪಾಲು ಹುಳುವಿನ ಮೊಟ್ಟೆ ಬೀಳುವುದು ಕೆಲವೇ ಕುದುರೆಗಳ ಲದ್ದಿಯಿಂದ. ಧನುರ್ವಾಯುವಿನ ಲಸಿಕೆ ತಪ್ಪಿಸಬೇಡ, ಕುದುರೆಗೆ ಅದು ಬೇಗ ತಗಲುತ್ತದೆ. ಡಬ್ಬಿಯಲ್ಲಿ ಬರುವ ಬಗೆಬಗೆಯ ಪುಡಿಗಳಿಗೆ ನಿನ್ನ ಪಟ್ಟಿಯಲ್ಲಿ ದೊಡ್ಡ ಮೊತ್ತ ಕಂಡಿತು. ಡಾಕ್ಟರು ಹೇಳಿದ್ದನ್ನು ಬಿಟ್ಟು ಉಳಿದದ್ದನ್ನು ನಿಲ್ಲಿಸಬಹುದೇನೋ. ಉಪ್ಪು ಮಾತ್ರ ಇರಲಿ.

ಮೂರಕ್ಕೂ ದಿನಾ ಸವಾರಿ ಮಾಡಬೇಕು ಅಂತ ನಿನಗೆ ಯಾರು ಹೇಳಿದರು? ಸಮಯವನ್ನು ಮೂರು ಸಮಪಾಲು ಮಾಡಿ, ಯಾವುದಕ್ಕೂ ಸಾಲದೆ, ಎಲ್ಲದರ ಮೇಲೂ ಅವಸರ ಮಾಡುತ್ತಿದ್ದೀಯ ಅಂತ ನನಗೆ ಕಾಣುತ್ತದೆ. ಸರದಿಯಲ್ಲಿ ಸವಾರಿ ಮಾಡು. ಇವತ್ತು ಒಂದಕ್ಕೆ ಪೂರ್ತಿ ಗಂಟೆ ಕೊಡು, ಉಳಿದೆರಡು ಬಯಲಿನಲ್ಲಿ ಒಟ್ಟಿಗೆ ಮೇಯಲಿ. ಅವುಗಳಿಗೆ ನೀನು ಬೇಕು ನಿಜ, ಆದರೆ ಅವುಗಳಿಗೆ ಪರಸ್ಪರರೂ ಬೇಕು. ಕಾಳ ನೆಲಕ್ಕೆ ಒರಗಿ ಕಾಲು ಚಾಚಿ ಮಲಗುತ್ತಿದ್ದದ್ದು ಚಂದ್ರಿ ಪಕ್ಕದಲ್ಲಿ ನಿಂತಿದ್ದಾಗ ಮಾತ್ರ. ಅವಳು ಒಂದು ಕಿವಿಯನ್ನು ದಾರಿಯ ಕಡೆ ಇಟ್ಟುಕೊಂಡು ನಿಂತಿರುತ್ತಿದ್ದಳು. ಕುದುರೆ ನಿಂತೇ ತೂಕಡಿಸಬಲ್ಲದು, ಗಾಢ ನಿದ್ದೆಗೆ ಮಲಗಲೇಬೇಕು, ಮಲಗಲು ಯಾರಾದರೂ ಕಾವಲಿದ್ದಾರೆ ಅನ್ನುವ ಧೈರ್ಯ ಬೇಕು. ಒಂಟಿ ಕುದುರೆ ಸಾಕುವವರನ್ನು ಕಂಡರೆ ನನಗೆ ಈಗಲೂ ಆ ಕುದುರೆಯ ನಿದ್ದೆಯದೇ ಯೋಚನೆ. ಹಾಗಾಗಿ ನೀನು ಒಂದಕ್ಕಿಂತ ಹೆಚ್ಚು ಇಟ್ಟುಕೊಂಡದ್ದು ದುಂದು ಅಂತ ನಿಮ್ಮಪ್ಪ ಅಂದರೆ ನಾನು ಒಪ್ಪುವುದಿಲ್ಲ, ಅವನಿಗೂ ಹಾಗೇ ಹೇಳಿದ್ದೇನೆ. ಆದರೆ ಮೂರಿದ್ದಾಗ ಎರಡನ್ನು ಹೊರಗೆ ಕರೆದೊಯ್ದು ಒಂದನ್ನು ಹಿಂದೆ ಬಿಡುವುದನ್ನು ಮೆಲ್ಲಗೆ ಅಭ್ಯಾಸ ಮಾಡಿಸು, ಮೊದಲು ಕಣ್ಣಿಗೆ ಕಾಣುವಷ್ಟು ದೂರ, ಆಮೇಲೆ ಇನ್ನಷ್ಟು. ಇಲ್ಲದಿದ್ದರೆ ಕೆನೆದು ಕೆನೆದು ಬೇಲಿಗೆ ನುಗ್ಗುತ್ತದೆ.

ನಂಬಿಕಸ್ಥರು ಯಾರಾದರೂ ವಾರದಲ್ಲಿ ಕೆಲವು ದಿನ ಕೆಂಪಿಯನ್ನು ಸವಾರಿ ಮಾಡಿ, ಖರ್ಚಿನಲ್ಲೂ ಪಾಲು ಕೊಡುವುದಾದರೆ ನಾಚಿಕೊಳ್ಳಬೇಡ. ಕೆಲಸ ಹಂಚಿಕೊಂಡರೆ ನಿನಗೆ ಕುದುರೆ ಕಡಿಮೆಯಾಗುವುದಿಲ್ಲ. ಇನ್ನೊಂದು ಜೋಡಿ ಕಣ್ಣು ಸಿಗುತ್ತದೆ. ನಮಗೆ ಆ ಕಾಲದಲ್ಲಿ ಅದು ಹೊಳೆಯಲೇ ಇಲ್ಲ, ಬೇರೆಯವರ ಕೈಗೆ ಲಗಾಮು ಕೊಡುವುದು ಅಂದರೆ ನಿಮ್ಮ ಮಾವನಿಗೆ ಆಗುತ್ತಿರಲಿಲ್ಲ. ಕೆಂಚಿಗೆ ಹಾಗೆ ಯಾರಾದರೂ ಒಬ್ಬರು ಇದ್ದಿದ್ದರೆ ಅವಳಿಗೂ ಒಂದು ಕತೆ ಇರುತ್ತಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

ಕೊನೆಗೂ ಸಾಲದು ಅನ್ನಿಸಿದರೆ, ಒಂದನ್ನು ಬಿಟ್ಟುಕೊಡಬೇಕಾದರೆ, ಅದನ್ನು ಕುದುರೆ ಗಟ್ಟಿಯಾಗಿರುವಾಗ, ನಿನ್ನ ಕೈಯಲ್ಲಿ ಸ್ವಲ್ಪ ಹಣ ಇರುವಾಗ, ಆರಿಸಿ ಆರಿಸಿ ಕೊಡಲು ಬಿಡುವಿರುವಾಗ ಮಾಡು. ಮೇವು ಮುಗಿದ ವಾರ ಮಾಡಬೇಡ. ಕೊಡುವಾಗ ಮುಂದೆ ಅವರು ಬೇರೆಯವರಿಗೆ ಕೊಡುವುದಾದರೆ ಮೊದಲು ನಿನ್ನನ್ನೇ ಕೇಳಬೇಕು ಅಂತ ಕಾಗದದಲ್ಲಿ ಬರೆಸಿಕೋ. ಕುದುರೆ ಇಪ್ಪತ್ತೈದು, ಮೂವತ್ತು ವರ್ಷ ಬದುಕುತ್ತದೆ. ಹೊಸಬ ಇನ್ನೂ ಎಳೆಯ. ಅವನು ಮುದುಕನಾಗುವ ಹೊತ್ತಿಗೆ ನಿನ್ನ ವಯಸ್ಸೆಷ್ಟಿರುತ್ತದೆ ಅಂತ ಒಮ್ಮೆ ಕೂಡಿಸಿ ನೋಡು. ಬೇಡ ಅನ್ನುವುದಕ್ಕೆ ಹೇಳುತ್ತಿಲ್ಲ, ಆ ದೂರ ಕಣ್ಣಿಗೆ ಕಾಣಲಿ ಅಂತ.

ಇನ್ನೊಂದು ಸಣ್ಣ ಕೆಲಸ, ಸಾಧ್ಯವಾದರೆ ಮಾಡು, ಇಲ್ಲದಿದ್ದರೆ ಬಿಡು. ಲಾಯದ ಬಾಗಿಲಿಗೆ ಒಂದು ನೋಟ್‌ಬುಕ್ ಕಟ್ಟು. ದಿನಕ್ಕೆ ಒಂದೊಂದು ಕುದುರೆಗೆ ಒಂದೊಂದು ಸಾಲು. ತಿಂದದ್ದು, ಲದ್ದಿ, ನಡಿಗೆ, ಮೈ, ಯಾವುದಾದರೂ ಒಂದು. "ಮಾಮೂಲು" ಅಂತ ಬರೆಯಲು ಮನಸ್ಸಾದರೆ ಪೆನ್ನು ಕೆಳಗಿಟ್ಟು ಮತ್ತೆ ಒಳಗೆ ಹೋಗಿ ನೋಡಿ ಬಾ. "ಎಡಗಿವಿಯ ಹಿಂದೆ ಉಣ್ಣೆಹುಳು", "ಇವತ್ತು ನೀರು ಕಡಿಮೆ ಕುಡಿದಳು", ಅಂಥದ್ದು ಸಾಕು. ಭಯ ಹೋಗುತ್ತದೆ ಅಂತ ನಾನು ಹೇಳಲಾರೆ. ನನಗಂತೂ ಕುದುರೆಗಳು ಹೋದ ಮೇಲೂ ಹೋಗಲಿಲ್ಲ. ರಾತ್ರಿ ಎಲ್ಲಾದರೂ ಕೆನೆತ ಕೇಳಿದರೆ ಈಗಲೂ ಎದ್ದು ಕೂರುತ್ತೇನೆ. ಆದರೆ ಭಯಕ್ಕೆ ದಿನಾ ಒಂದು ಕೆಲಸ ಹಚ್ಚಿದರೆ ಅದು ನಿನ್ನನ್ನು ಲಾಯದಿಂದ ದೂರ ಓಡಿಸುವುದಿಲ್ಲ. ನಿನ್ನ ಸಾಲಿನಲ್ಲಿ ನನಗೆ ಕೇಳಿಸಿದ್ದು ಅದೇ. ಏನಾದರೂ ಕಂಡುಬಿಟ್ಟರೆ ಅನ್ನುವ ಅಂಜಿಕೆಗೇ ಮೇವು ಹಾಕಿ ಬೇಗ ಹೊರಟುಬಿಡುತ್ತಿದ್ದೀಯಾ? ಹಾಗಿಲ್ಲದಿದ್ದರೆ ತಪ್ಪು ತಿಳಿದುಕೊಂಡೆ ಅನ್ನು. ಹಾಗಿದ್ದರೆ ನಾಚಿಕೊಳ್ಳಬೇಡ, ಯಾರಿಗೂ ಹೇಳುವುದಿಲ್ಲ ನಾನು.

ಈ ಸಲದ ಹುಲ್ಲಿಗೆ ನಾನು ಒಂದಿಷ್ಟು ಕಳಿಸುತ್ತೇನೆ. ಬೇಡ ಅನ್ನಬೇಡ, ನಿಮ್ಮಪ್ಪನಿಗೂ ಹೇಳಬೇಡ. ಕುದುರೆಗಳಿಗೆ ಅಂತಲೇ ತೆಗೆದಿಟ್ಟ ಹಣ ಅದು, ಮನೆಯಲ್ಲಿ ಕುದುರೆ ಇಲ್ಲದಾದ ಮೇಲೂ ಹಾಗೇ ಉಳಿದಿದೆ. ಅದರಲ್ಲಿ ಮೊದಲು ಬೂದನ ಹಲ್ಲಿನವರಿಗೆ ಕೊಡು. ಅವರು ಏನು ಹೇಳಿದರು, ಯಾವ ಕಡೆಯ ಹಲ್ಲು, ಎಷ್ಟು ಸಡಿಲವಾಗಿದೆ, ಎಲ್ಲ ನನಗೆ ಬರೆ. ಬರೆಯಲು ಬಿಡುವಿಲ್ಲದಿದ್ದರೆ ಸಂಜೆ ಮೇವು ಹಾಕಿದ ಮೇಲೆ ಅಲ್ಲಿಂದಲೇ ಫೋನು ಮಾಡು. ಕೆಂಪಿಯ ಬಗ್ಗೆ ಮಾತ್ರ ಈ ಸಲ ಎರಡು ಪದ ಸಾಲದು, ಅರ್ಧ ಪುಟವಾದರೂ ಬೇಕು.

ನಿನ್ನ ಅತ್ತೆ